ಗುರುಬಸುವೂ ಗೂನು ಮಾನಿಟರೂ

ಒಂದು ಪೇಟೆ. ಆ ಪೇಟೆಯಲ್ಲಿ ಒಂದು ಟೈಪಿಂಗ್ ಅಂಗಡಿ. ಆ ಅಂಗಡಿಯಲ್ಲಿ ಮಂಗಳಮ್ಮಣ್ಣಿ ಅಂತ ಒಬ್ಬ ತಾಯಿ, ಗುರುಬಸು ಅಂತ ಒಬ್ಬ ಮಗ. ಮಗ ಅಂದರೆ ಎಂಥ ಮಗ! ಮೀಸೆ ಬಂತು, ಮೈ ಬಂತು, ಬುದ್ಧಿ ಒಂದು ಬರಲಿಲ್ಲ. ಮಕ್ಕಳು ಹೇಳಿದ ಮಾತು ಕೇಳುವುದಿಲ್ಲ ಅಂತ ಬೇರೆ ತಾಯಂದಿರು ಅಳುತ್ತಾರೆ. ಇವನು ಹೇಳಿದ್ದನ್ನೆಲ್ಲ ಕೇಳುತ್ತಾನಲ್ಲಪ್ಪ ಅಂತ ಮಂಗಳಮ್ಮಣ್ಣಿ ಅಳುತ್ತಿದ್ದಳು.

ಅಂಗಡಿಯಲ್ಲಿದ್ದದ್ದು ಒಂದೇ ಕಂಪ್ಯೂಟರು. ಅದರ ಮಾನಿಟರು ಹಳೇ ಕಾಲದ್ದು, ಬೆನ್ನ ಮೇಲೆ ದೊಡ್ಡ ಗೂನು. ಎತ್ತಲು ಹೋದರೆ ಅಕ್ಕಿ ಮೂಟೆಯ ಭಾರ. ರಸ್ತೆಯ ಆಚೆ ಹೊಸ ಅಂಗಡಿ ಬಂತು, ಗೋಡೆಗೆ ನೇತು ಹಾಕುವಂಥ ತೆಳ್ಳನೆ ಪರದೆಗಳು ಬಂದವು, ಗಿರಾಕಿಗಳೆಲ್ಲ ಆಚೆಗೆ ದಾಟಿದರು. ಇಷ್ಟು ವರ್ಷ ಊರಿನ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲದರ ಪತ್ರಿಕೆಯೂ ಇವಳ ಬೆರಳಿನಿಂದಲೇ ಹೊರಟಿದ್ದು. ಈಗ ಒಬ್ಬರಿಗೂ ಅದು ನೆನಪಿಲ್ಲ! ಸಿಟ್ಟು ಬರುತ್ತದೋ ಇಲ್ಲವೋ, ನೀವೇ ಹೇಳಿ. ಉಳಿದದ್ದು ಒಂದೇ ಕೆಲಸ, ಪುಟ್ಟಮಾದಪ್ಪನವರ ಮೊಮ್ಮಗಳ ಮದುವೆ ಪತ್ರಿಕೆ. ಅದೂ ಕೈತಪ್ಪಿದರೆ ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂರುವುದೇ.

ಅವತ್ತು ಬೆಳಿಗ್ಗೆ ಸ್ವಿಚ್ಚು ಹಾಕಿದರೆ ಪರದೆ ಗಡಗಡ ನಡುಗಿತು.

"ಅವ್ವಾ, ನಡುಗ್ತಾ ಅದೆ!"

"ವಯಸ್ಸಾಗದೆ ಕಣ್ಲಾ ಅದಕ್ಕೆ. ನಡುಗಿದ್ರೆ ಕೆನ್ನೆಗೆ ಫಟ್ ಅಂತ ಒಂದು ಬಿಡು, ನೆಟ್ಟಗಾಯ್ತದೆ."

ಗುರುಬಸು ಫಟ್ ಅಂತ ಬಿಟ್ಟ. ಪರದೆ ನೆಟ್ಟಗಾಯಿತು.

"ಕಂಡ್ಯಾ? ಹಂಗೇ ಮಾಡ್ಬೇಕು," ಅಂದು ತಾಯಿ ನೀರು ತರಲು ಹಿತ್ತಿಲಿಗೆ ಹೋದಳು.

ಅದೇ ಹೊತ್ತಿಗೆ ಬಂದರು ನೋಡಿ ಪುಟ್ಟಮಾದಪ್ಪನವರು! ವಯಸ್ಸು ಎಂಬತ್ತು ದಾಟಿದೆ, ಕೈ ನಡುಗುತ್ತದೆ, ತಲೆ ನಡುಗುತ್ತದೆ. ಗುರುಬಸು ಮೇಲಿಂದ ಕೆಳಗೆ ನೋಡಿದ. ವಯಸ್ಸಾಗಿದೆ. ನಡುಗುತ್ತಿದೆ. ಕೆನ್ನೆಗೆ ಫಟ್!

"ಅಯ್ಯಯ್ಯಪ್ಪೋ! ಹೊಡೆದ್ನಲ್ಲಪ್ಪೋ!"

ಮಂಗಳಮ್ಮಣ್ಣಿ ಕೊಡ ಬಿಸಾಕಿ ಓಡಿ ಬಂದಳು. "ತಪ್ಪಾಯ್ತು ಯಜಮಾನ್ರೇ, ಹೊಟ್ಟೆಗೆ ಹಾಕ್ಕಳಿ!"

"ಹಳೇ ಪರಿಚಯ ಅಂತ ಬಂದೋನಿಗೆ ಇದಾ ಮರ್ಯಾದೆ? ನಾಳೆ ಮಧ್ಯಾಹ್ನದೊಳಗೆ ಪತ್ರಿಕೆ ನನ್ನ ಕಣ್ಣಿಗೆ ಬೀಳ್ಬೇಕು. ಇಲ್ದಿದ್ರೆ ಎದುರಂಗಡಿಗೇ ಹೋಯ್ತೀನಿ! ನಿನ್ನ ಅಂಗ್ಡಿ ಮೆಟ್ಲು ಮಾತ್ರ ಇನ್ನು ಹತ್ತಕಿಲ್ಲ!" ಅಂದು ಅವರು ಹೆಸರುಗಳ ಚೀಟಿ ಎಸೆದು ಕೆನ್ನೆ ಹಿಡಿದುಕೊಂಡು ಹೋದರು.

"ಲೋ ಮುಠ್ಠಾಳ! ವಯಸ್ಸಾದೋರ್ಗೆ ಹೊಡೀತಾರಾ? ಮೈ ಕಾದಿರ್ತದೆ, ಬಾಯಿ ಒಣಗಿರ್ತದೆ. ಒಂದು ಲೋಟ ತಣ್ಣನೆ ಮಜ್ಜಿಗೆ ಕೊಡ್ಬೇಕು!"

"ಆಗ್ಲಿ ಕಣವ್ವ."

ಮಂಗಳಮ್ಮಣ್ಣಿ ಪತ್ರಿಕೆಯ ಅಂಚಿನ ಬಳ್ಳಿ, ಮೇಲಿನ ಗಣಪತಿ ಎಲ್ಲ ಹೊಂದಿಸಿ ಊಟಕ್ಕೆ ಎದ್ದಳು. ಗುರುಬಸು ಮಾನಿಟರಿನ ಬೆನ್ನು ಮುಟ್ಟಿ ನೋಡಿದ. ಬಿಸಿ! ವಯಸ್ಸೂ ಆಗಿದೆ, ಮೈಯೂ ಕಾದಿದೆ. ಪಾಪ, ಬೆಳಿಗ್ಗೆಯಿಂದ ಒಂದು ತೊಟ್ಟು ಕುಡಿದಿಲ್ಲ. ಲೋಟದ ತುಂಬ ಮಜ್ಜಿಗೆ ತಂದ, ಗೂನಿನ ಮೇಲಿದ್ದ ತೂತುಗಳಿಗೆ ನಿಧಾನವಾಗಿ ಕುಡಿಸಿದ.

ಚುರ್ರ್! ಠಪ್! ಪರದೆ ಕಪ್ಪಾಯಿತು, ಅಂಗಡಿಯೆಲ್ಲ ಸುಟ್ಟ ವಾಸನೆ. ತಾಯಿ ಊಟ ಬಿಟ್ಟು ಓಡಿ ಬಂದಳು.

"ಅಯ್ಯೋ ನನ್ನ ಕರ್ಮವೇ! ಏನ್ ಹಾಕ್ದ್ಯೋ ಒಳಕ್ಕೆ?"

"ಮಜ್ಜಿಗೆ ಕಣವ್ವ."

"ಉಪ್ಪು ಹಾಕಿದ್ದ ಮಜ್ಜಿಗೇನಾ?"

"ಕೊತ್ತಂಬರಿ ಸೊಪ್ಪೂ ಹಾಕಿದ್ದೆ."

ಇಂಥ ಮಗನನ್ನು ಏನು ಮಾಡಬೇಕು? ಹೊಡೆದರೆ ಕೈ ನೋವು, ಬೈದರೆ ಗಂಟಲು ನೋವು. "ಅದು ಕರೆಂಟಿನ ಪೆಟ್ಟಿಗೆ ಕಣ್ಲಾ, ನಿಮ್ಮ ಸೋದರಮಾವ ಅಲ್ಲ! ಇಲ್ಲಿ ಒಂಚೂರು ಸದ್ದಾದ್ರೂ ಮೊದ್ಲು ಓಡೋಗಿ ಪ್ಲಗ್ ಕೀಳ್ಬೇಕು. ಬೇರೆ ಏನೂ ಮಾಡ್ಬೇಡ!"

"ಆಗ್ಲಿ ಕಣವ್ವ."

ಮಧ್ಯಾಹ್ನವೆಲ್ಲ ತಾರಸಿಯ ಬಿಸಿಲಲ್ಲಿ ಮಾನಿಟರನ್ನು ಸಂಡಿಗೆ ಒಣಗಿಸಿದ ಹಾಗೆ ಒಣಗಿಸಿದರು. ಮಾರನೆಯ ಬೆಳಿಗ್ಗೆ ಮಾದಪ್ಪ ದೇವರಿಗೆ ಕೈಮುಗಿದು ಸ್ವಿಚ್ಚು ಹಾಕಿದರೆ, ಬಂತು! ಗಣಪತಿಯೂ ಹಸಿರು, ಬಳ್ಳಿಯೂ ಹಸಿರು, ಅಕ್ಷರವೂ ಹಸಿರು. ಹಸಿರಾದರೂ ಓದಲು ಬರುತ್ತದಲ್ಲ ಅಂತ ಅವಳು ಕೂತು ಬಡಿಯತೊಡಗಿದಳು.

ಮದುವೆ ಪತ್ರಿಕೆ ಅಂದರೆ ಸುಮ್ಮನೆಯೇ? ದೊಡ್ಡಪ್ಪ ಚಿಕ್ಕಪ್ಪಂದಿರು, ಸೋದರಮಾವಂದಿರು, ಸೋದರತ್ತೆಯರು, ಬೀಗರ ಬೀಗರು. ಒಂದು ಹೆಸರು ಬಿಟ್ಟರೆ ಛತ್ರದಲ್ಲೇ ಜಗಳ. ಎಲ್ಲ ಹೆಸರೂ ಸೇರಿಸಿ, ಕೊನೆಯಲ್ಲಿ ಪುಟಾಣಿಗಳ ಹೆಸರೂ ಹಾಕಿದ್ದಳು. ಅಷ್ಟರಲ್ಲಿ ಕೀಲಿಮಣೆಯ ದೂಳು ಮೂಗಿಗೆ ಹೋಯಿತು.

"ಆ... ಆ... ಆಕ್ಷೀ!"

ಸದ್ದಾಯಿತಲ್ಲ! ಗುರುಬಸು ಓಡಿದ, ಕಂಪ್ಯೂಟರಿನ ಪ್ಲಗ್ ಕಿತ್ತ. ದೊಡ್ಡಪ್ಪ ಹೋದರು, ಸೋದರಮಾವ ಹೋದರು, ಬೀಗರ ಬೀಗರೂ ಹೋದರು. ಒಂದನ್ನೂ ಅವಳು ಸೇವ್ ಮಾಡಿರಲಿಲ್ಲ.

"ಯಾಕೋ ಕಿತ್ತೆ? ಯಾಕೋ ಕಿತ್ತೆ ಪಾಪಿ?"

"ಸದ್ದಾಯ್ತಲ್ಲವ್ವ!"

"ಸದ್ದು ಮಾಡಿದ್ದು ನಾನು ಕಣ್ಲಾ!"

"ನೀನೂ ಹಳೇದಾಗಿದ್ದೀಯಲ್ಲವ್ವ, ಅದಕ್ಕೇ ಹೆದರ್ಕಂಡೆ."

"ಹೋಗಾಚೆ! ಇನ್ಮೇಲೆ ನಾನು ಕೊಡು ಅಂದಿದ್ದನ್ನ ಕೊಡು, ಮುಟ್ಟು ಅಂದಿದ್ದನ್ನ ಮುಟ್ಟು. ಅಷ್ಟೇ!" ಅಂತ ಅವನನ್ನು ಮೆಟ್ಟಿಲ ಮೇಲೆ ಕೂರಿಸಿದಳು. ಬೈಯುತ್ತಲೇ ಮತ್ತೆ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆತಂದಳು, ಸಾಲುಸಾಲಿಗೂ ಸೇವ್ ಮಾಡಿದಳು. ಕಡೆಗೆ ಮಗನನ್ನು ಕರೆದು ಪರದೆ ತೋರಿಸಿದಳು.

"ನೋಡ್ಲಾ, ಪತ್ರಿಕೆ ಆಯ್ತು. ಇದನ್ನ ತಾತನ ಮನೆಗೆ ತಗಂಡೋಗಿ ಕೊಡೋನು ನೀನೇ, ನಿನ್ನೆ ಹೊಡೆದ ತಪ್ಪು ನೀನೇ ಒಪ್ಕೋಬೇಕು. ಮೊದಲ್ನೇ ಪತ್ರಿಕೆ, ಮರ್ಯಾದೆಯಿಂದ ಕೊಡು. ನಾಲ್ಕು ಮೂಲೆಗೂ ಅರಿಶಿನ ಹಚ್ಚು. ನೆಲಕ್ಕಿಡ್ಬೇಡ, ಅವರ ಕೈಗೇ ಕೊಡು. ಕಾಲಿಗೆ ಬೀಳು, ಹರಸೋಗಂಟ ಏಳ್ಬೇಡ. ತಾತನಿಗೆ ಹೆಂಗೋ ಅಜ್ಜಿಗೂ ಹಂಗೇ. ತಿಳೀತಾ?"

"ತಿಳೀತು ಕಣವ್ವ."

ಅಚ್ಚು ಹಾಕಲು ಒಳ್ಳೇ ಕಾಗದ ತರೋಣ ಅಂತ ಅವಳು ಬೀದಿಯ ಕೊನೆಗೆ ಹೋದಳು. ಬಂದು ನೋಡುತ್ತಾಳೆ, ಮೇಜಿನ ಮೇಲೆ ಮಾನಿಟರಿಲ್ಲ! ಅರಿಶಿನದ ಡಬ್ಬಿ ಬೋರಲು ಬಿದ್ದಿದೆ, ಹೊಸ್ತಿಲ ತನಕ ಹಳದಿ ಹೆಜ್ಜೆ. ಮಂಗಳಮ್ಮಣ್ಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು.

ಪುಟ್ಟಮಾದಪ್ಪನವರು ಜಗಲಿಯ ಕುರ್ಚಿಯಲ್ಲಿ ಕೂತಿದ್ದಾರೆ. ಕೈಗೆ ಕೊಟ್ಟ ಮಾನಿಟರು ತೊಡೆಗೆ ಇಳಿದಿದೆ. ಗುರುಬಸು ಅವರ ಎರಡೂ ಪಾದ ಬಿಗಿಯಾಗಿ ಹಿಡಿದು ಉದ್ದಕ್ಕೆ ಮಲಗಿದ್ದಾನೆ.

"ಎತ್ತೋ ಇದನ್ನ! ತೊಡೆ ಮುರೀತದೆ!"

"ಹರಸಿ ತಾತ."

"ಏನ್ಲಾ ಇದು?"

"ಮದ್ವೆ ಪತ್ರಿಕೆ. ಹರಸಿ ತಾತ."

"ಇದ್ರಲ್ಲಿ ನನ್ನ ಮುಖ ಬಿಟ್ರೆ ಇನ್ನೇನೂ ಇಲ್ವಲ್ಲೋ! ಎತ್ತೋ ಅಂದ್ರೆ!"

"ಹರಸಿ ತಾತ."

ಮಂಗಳಮ್ಮಣ್ಣಿ ಇದನ್ನು ಕಂಡಳು. ಮೊದಲು ಅಳು ಬಂತು, ಅಳುವಿನ ಹಿಂದೆಯೇ ಎಲ್ಲಿತ್ತೋ ಅಷ್ಟೂ ಸಿಟ್ಟು ಬಂತು. "ಹೋಗಿ ಯಜಮಾನ್ರೇ, ಎದುರಂಗಡಿಗೇ ಹೋಗಿ! ನಿಮ್ಮ ಮಕ್ಕಳ ಮದ್ವೆ ಪತ್ರಿಕೆ ಮಾಡ್ದೋಳು ನಾನು, ಒಂದಕ್ಷರ ತಪ್ಪಿದ್ನಾ? ಒಂದು ಹೆಸರು ಬಿಟ್ಟಿದ್ನಾ? ಈ ಮೊಮ್ಮಗಳಿಗೆ ಹೆಸರಿಟ್ಟಾಗ್ಲೂ ನಾನೇ ಮಾಡಿದ್ದು! ನನ್ನ ಮಗ ದಡ್ಡ, ನನ್ನ ಮಾನಿಟರು ಗೂನು. ಆದ್ರೆ ನನ್ನ ಕೆಲಸದಲ್ಲಿ ಏನು ಕೆಟ್ಟಿತ್ತು, ಹೇಳಿ!"

"ಅಯ್ಯೋ ಬೈಗುಳ ಆಮೇಲೆ ಬೈಯವ್ವ! ಏನೂ ಕೆಟ್ಟಿರಲಿಲ್ಲ, ಒಪ್ತೀನಿ! ಪತ್ರಿಕೆ ನಿನ್ನಂಗ್ಡೀಲೇ ಆಗ್ಲಿ! ನಿನ್ನ ಮಗ ನೂರು ವರ್ಷ ಬಾಳ್ಲಿ! ಸಾಕಾ?"

"ಸಾಕು ತಾತ," ಅಂದ ಗುರುಬಸು. ಎದ್ದ, ಮೈ ಕೊಡವಿಕೊಂಡ, ಮಾನಿಟರನ್ನು ಎತ್ತಿಕೊಂಡ. ಪುಟ್ಟಮಾದಪ್ಪನವರು ತೊಡೆ ಉಜ್ಜಿಕೊಂಡರು. ಮಂಗಳಮ್ಮಣ್ಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಗಡಿ ಉಳಿಯಿತಲ್ಲ, ಆ ಹೊತ್ತಿಗೆ ಅವಳಿಗೆ ಅಷ್ಟು ಸಾಕಾಗಿತ್ತು. ಯಜಮಾನರಿಗೆ ಕೈಮುಗಿದು ತಿರುಗಿದಳು.

ಅಲ್ಲಿ ಜಗಲಿಯ ಆಚೆ ತುದಿಯಲ್ಲಿ ಅಜ್ಜಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಅವರ ಮುಂದೆ ಮಾನಿಟರು ಹೊತ್ತು ನಿಂತಿದ್ದ ಗುರುಬಸು ಹೇಳುತ್ತಿದ್ದ:

"ಮೊರ ಪಕ್ಕಕ್ಕಿಟ್ಟು ಕೈ ನೀಡಿ ಅಜ್ಜಿ."