ಧ್ವನಿ ನಿಂತವರ ಪ್ರಶ್ನೆ

ಗುರು ಮಹಾಲಿಂಗಯ್ಯನವರಿಗೆ ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ಹೊಳೆಯ ದಂಡೆಯ ಆಶ್ರಮದಲ್ಲಿ ಕೂತು ಅವರು ಒಂದು ತಂತ್ರಾಂಶ ಕಟ್ಟಿದ್ದರು. ಕಂಪ್ಯೂಟರಿನ ಪರದೆಯ ಮೇಲಿರುವ ಕನ್ನಡವನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಕಣ್ಣು ಕಾಣದ ಯಾರು ಕೇಳಿದರೂ ಅದನ್ನು ಉಚಿತವಾಗಿ ಕೊಡುತ್ತಿದ್ದರು.

ಬಳಸುವವರಿಗೆಂದು ಒಂದು ಇಮೇಲ್ ಬಳಗವಿತ್ತು. ತೊಂದರೆಯಾದವರು ಅಲ್ಲಿಗೆ ಬರೆಯುತ್ತಿದ್ದರು. ಅವರು ಬರೆದದ್ದೂ ಅದಕ್ಕೆ ಕೊಟ್ಟ ಉತ್ತರವೂ ಬಳಗದ ಎಲ್ಲರಿಗೂ ಹೋಗುತ್ತಿದ್ದವು.

ಉತ್ತರ ಬರೆಯುವುದು ಶಿಷ್ಯ ಇಂದುಧರನ ಕೆಲಸ. ಅವನಿಗೆ ಕಣ್ಣು ಕಾಣುತ್ತಿತ್ತು.

ತಂತ್ರಾಂಶ ಊರೂರಿಗೆ ಹಬ್ಬಿತು. ಬೆಳಗಿನ ಪ್ರಾರ್ಥನೆ ಮುಗಿಸಿ ಕೂತರೆ ಊಟದ ಗಂಟೆ ಹೊಡೆದರೂ ಪತ್ರಗಳು ಮುಗಿಯುತ್ತಿರಲಿಲ್ಲ. ಹೆಚ್ಚಿನವರದು ಒಂದೇ ಪ್ರಶ್ನೆ.

‘ಧ್ವನಿ ನಿಂತಿದೆ. ಏನು ಮಾಡಲಿ?’

ಕಂಪ್ಯೂಟರ್ ತನ್ನಷ್ಟಕ್ಕೆ ಅಪ್‌ಡೇಟ್ ಆದಾಗ ಓದುವ ಧ್ವನಿ ಕೆಲವೊಮ್ಮೆ ನಿಂತುಬಿಡುತ್ತಿತ್ತು. ಎರಡು ಕೀಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಮರಳಿ ಬರುತ್ತಿತ್ತು. ಇಷ್ಟನ್ನೇ ಇಂದುಧರ ವರ್ಷವಿಡೀ ಬರೆದಿದ್ದ.

ಒಂದು ದಿನ ಅವನಿಗೆ ಸಾಕೆನಿಸಿತು.

“ಗುರುಗಳೇ, ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳಬೇಕು. ಹಳೆಯ ಪತ್ರಗಳಲ್ಲಿ ಉತ್ತರ ಇದೆ. ಯಾರೂ ಓದುವುದಿಲ್ಲ.”

“ಯಾಕೆ ಓದುವುದಿಲ್ಲ?”

“ಸೋಮಾರಿತನ.”

ಗುರುಗಳು ಏನೂ ಹೇಳಲಿಲ್ಲ. ಅದನ್ನು ಇಂದುಧರ ಒಪ್ಪಿಗೆ ಎಂದುಕೊಂಡ.

ಅಂದೇ ಅವನು ಒಂದು ಏರ್ಪಾಡು ಮಾಡಿದ. ಆ ಪ್ರಶ್ನೆ ಬಂದರೆ ಸಾಕು, ಬಳಗಕ್ಕೆ ಹೋಗದೆ ಬರೆದವರಿಗೇ ಹಿಂದಿರುಗುತ್ತಿತ್ತು. ಜೊತೆಗೆ ಒಂದು ಸಾಲು ಹೋಗುತ್ತಿತ್ತು: ‘ಇದಕ್ಕೆ ಈಗಾಗಲೇ ಉತ್ತರ ಕೊಟ್ಟಿದ್ದೇವೆ. ದಯವಿಟ್ಟು ಹಳೆಯ ಪತ್ರಗಳನ್ನು ಓದಿ.’

ಬಳಗ ಶಾಂತವಾಯಿತು. ಇಂದುಧರನಿಗೆ ಮಧ್ಯಾಹ್ನ ಹೊಳೆಯ ದಂಡೆಯಲ್ಲಿ ಅಡ್ಡಾಡುವಷ್ಟು ಬಿಡುವು ಸಿಕ್ಕಿತು.

“ಈಗ ಗದ್ದಲವಿಲ್ಲ, ಗುರುಗಳೇ.”

“ಧ್ವನಿ ನಿಂತವರಿಗೆ ಧ್ವನಿ ಬಂತೇ?”

“ಮತ್ತೆ ಯಾರೂ ಬರೆದಿಲ್ಲ.”

“ನಾನು ಕೇಳಿದ್ದು ಅದಲ್ಲ.”

ಮಳೆಗಾಲ ಕಳೆದ ಮೇಲೆ ಒಬ್ಬ ಹೆಂಗಸು ತಂಗಿಯ ಭುಜ ಹಿಡಿದುಕೊಂಡು ಆಶ್ರಮಕ್ಕೆ ಬಂದಳು. ಲ್ಯಾಪ್‌ಟಾಪ್ ಕಂಪ್ಯೂಟರನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ಹೆಸರು ಜೈತುನಬಿ. ಹೊಳೆಯ ಕೆಳಗಿನ ಊರಿನ ಶಾಲೆಯಲ್ಲಿ ಟೀಚರ್. ಎರಡು ವರ್ಷದ ಹಿಂದೆ ಕಣ್ಣು ಹೋಗಿತ್ತು.

“ಧ್ವನಿ ನಿಂತಿದೆ ಸರ್,” ಎಂದಳು.

“ಹಳೆಯ ಪತ್ರಗಳಲ್ಲಿ ಇತ್ತಲ್ಲ, ಅಕ್ಕಾ?”

“ಓದಿ ಅಂತ ಬರೆದಿದ್ದಿರಿ. ಓದಿ ಹೇಳುತ್ತಿದ್ದುದೇ ನಿಂತುಹೋಗಿತ್ತು, ಸರ್. ಓದುವುದು ಹೇಗೆ?”

ತಂಗಿ ಹೇಳಿದಳು, “ನನ್ನ ಫೋನಿನಿಂದ ನಾನೇ ಬರೆದದ್ದು. ಹಳೆಯ ಪತ್ರ ಅಂದರೆ ಸಾವಿರಾರು ಇದ್ದವು. ಹುಡುಕಿ ಹುಡುಕಿ ಸಾಕಾಯಿತು. ತಿರುಗಿ ಬರೆದೆ. ತಿರುಗಿ ಅದೇ ಬಂತು. ಬೈಸಿಕೊಂಡ ಹಾಗಾಯಿತು. ಆಮೇಲೆ ಬರೆಯಲಿಲ್ಲ.”

“ಶಾಲೆ?” ಎಂದು ಗುರುಗಳು ಒಳಗಿನಿಂದ ಕೇಳಿದರು.

“ಸಂಜೆ ಧ್ವನಿ ಹಚ್ಚಿ ಪಾಠ ಕೇಳಿಸಿಕೊಳ್ಳುತ್ತಿದ್ದೆ, ಅಜ್ಜಾ. ಮರುದಿನ ಮಕ್ಕಳಿಗೆ ಹೇಳುತ್ತಿದ್ದೆ. ಅದು ನಿಂತ ಮೇಲೆ ತಡವರಿಸಿದೆ. ಹೆಡ್‌ಮಾಸ್ತರು ತರಗತಿಯನ್ನು ಬೇರೆಯವರಿಗೆ ಕೊಟ್ಟರು. ನನ್ನನ್ನು ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿದ್ದಾರೆ.”

ಇಂದುಧರ ಕಂಪ್ಯೂಟರನ್ನು ತೆಗೆದುಕೊಂಡು ಎರಡು ಕೀ ಒತ್ತಿ ಹಿಡಿದ. ಧ್ವನಿ ಬಂತು.

ಜೈತುನಬಿ ಮುಖವನ್ನು ಅದರ ಹತ್ತಿರ ತಂದಳು. “ಹ್ಞಾಂ. ನನಗೆ ಓದಿ ಹೇಳುತ್ತಿದ್ದವಳು ಇವಳೇ,” ಎಂದಳು. ಆಮೇಲೆ ಕೇಳಿದಳು, “ಇಷ್ಟೇನಾ ಸರ್?”

“ಇಷ್ಟೇ, ಅಕ್ಕಾ.”

ಆಕೆ ಅತ್ತಳು. ಇಂದುಧರ ತಲೆ ಎತ್ತಲಿಲ್ಲ.

ಆ ದಿನ ಅವನು ಊಟಕ್ಕೆ ಏಳಲಿಲ್ಲ. ತನ್ನ ಏರ್ಪಾಡನ್ನು ಕಿತ್ತುಹಾಕಿ ಗುರುಗಳ ಮುಂದೆ ಬಂದು ಕೂತ.

“ತಪ್ಪಾಯಿತು. ಇನ್ನು ಪ್ರತಿಯೊಂದಕ್ಕೂ ನಾನೇ ಉತ್ತರ ಬರೆಯುತ್ತೇನೆ. ಹಗಲು ರಾತ್ರಿ ಬರೆಯುತ್ತೇನೆ.”

“ಕೈ ಸೋಲುತ್ತದೆ. ಸೋತ ಮೇಲೆ ಸಿಟ್ಟು ಬರುತ್ತದೆ. ಅದು ಯಾರ ಮೇಲೆ ಹೋಗುತ್ತದೆ?”

“ಹಾಗಾದರೆ ಏನು ಮಾಡಲಿ?”

ಗುರುಗಳು ಅವನ ಕಂಪ್ಯೂಟರನ್ನು ತಮ್ಮ ಕಡೆಗೆ ಎಳೆದುಕೊಂಡರು. ಪರದೆಯ ಬೆಳಕು ಆರಿಸಿದರು. ಧ್ವನಿಯನ್ನೂ ನಿಲ್ಲಿಸಿದರು. ಮತ್ತೆ ಅವನ ಮುಂದಿಟ್ಟರು.

“ಸರಿ ಮಾಡು.”

ಇಂದುಧರ ಎರಡು ಕೀ ಒತ್ತಿ ಹಿಡಿದ. ಧ್ವನಿ ಬಂತು.

“ಏನೂ ಓದದೆ ನಿನಗೆ ಹೇಗೆ ಗೊತ್ತಾಯಿತು?”

“ಮೊದಲೇ ಗೊತ್ತಿತ್ತು.”

“ಮತ್ತೆ ಅವರಿಗೆ?”

ಇಂದುಧರ ಎದ್ದು ಕೆಲಸಕ್ಕೆ ಹೋದ.

ಅಂದಿನಿಂದ ತಂತ್ರಾಂಶ ಮೊದಲ ಸಲ ಬಾಯಿ ತೆರೆದಾಗಲೇ ಹೇಳತೊಡಗಿತು: ‘ನಾನು ಎಂದಾದರೂ ನಿಂತುಹೋದರೆ ಈ ಎರಡು ಕೀಗಳನ್ನು ಒತ್ತಿ ಹಿಡಿಯಿರಿ. ಈಗಲೇ ಒಮ್ಮೆ ಒತ್ತಿ ನೋಡಿ.’ ಒತ್ತಿದ ಮೇಲೆಯೇ ಮುಂದಕ್ಕೆ ಹೋಗುತ್ತಿತ್ತು.

ಇನ್ನೂ ಒಂದನ್ನು ಅವನು ಮಾಡಿದ. ತೊಂದರೆ ನೀಗಿದವರನ್ನೆಲ್ಲ, ‘ಮುಂದೆ ಇದೇ ಪ್ರಶ್ನೆ ಬಂದರೆ ಉತ್ತರ ಹೇಳುವಿರಾ?’ ಎಂದು ಕೇಳಿದ. ಕೆಲವರು ಒಪ್ಪಿದರು. ಜೈತುನಬಿ ಫೋನ್ ಮಾಡಿ ತನ್ನ ನಂಬರು ಕೊಟ್ಟಳು.

“ಬರೆಯಲಾಗದವರು ನನಗೆ ಫೋನ್ ಮಾಡಲಿ, ಸರ್. ನನಗೀಗ ಹಗಲೆಲ್ಲ ಬಿಡುವು.”

ಅವಳ ತರಗತಿ ಅವಳಿಗೆ ಮರಳಿ ಸಿಗಲಿಲ್ಲ. ಇಂದುಧರ ಶಾಲೆಗೆ ಹೋಗಿ, ತಪ್ಪು ತನ್ನದೆಂದು ಹೆಡ್‌ಮಾಸ್ತರಿಗೆ ಹೇಳಿ ಬಂದಿದ್ದ. ಅವರು ಚಹಾ ಕೊಟ್ಟು, ನೋಡೋಣ ಎಂದಿದ್ದರು.

ಪತ್ರಗಳು ಕಡಿಮೆಯಾದವು. ಬಂದವಕ್ಕೆ ಬಳಗದವರೇ ಉತ್ತರ ಕೊಡುತ್ತಿದ್ದರು. ಆದರೂ ಆ ಪ್ರಶ್ನೆ ಪೂರ್ತಿ ನಿಲ್ಲಲಿಲ್ಲ. ಕೆಲವರು ತಂತ್ರಾಂಶ ಹೇಳಿದ್ದನ್ನು ಮರೆಯುತ್ತಿದ್ದರು. ಕೆಲವರು ಗಾಬರಿಯಲ್ಲಿ ಬೇರೆ ಕೀ ಒತ್ತುತ್ತಿದ್ದರು.

ಒಂದು ಮುಂಜಾನೆ, ಯಾರೋ ಹೊಸಬರ ಪತ್ರವನ್ನು ಇಂದುಧರ ಗುರುಗಳಿಗೆ ಓದಿ ಹೇಳಿದ.

‘ಧ್ವನಿ ನಿಂತಿದೆ. ಏನು ಮಾಡಲಿ?’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು.

“ತಂತ್ರಾಂಶವೇ ಹೇಳುತ್ತದೆ. ಫೋನಿನಲ್ಲಿ ಹೇಳುವವರೂ ಇದ್ದಾರೆ. ಇಷ್ಟಾದರೂ ಅದೇ ಹಳೆಯ ಪ್ರಶ್ನೆ, ಗುರುಗಳೇ.”

ಮಹಾಲಿಂಗಯ್ಯನವರು ಹೊಳೆಯ ಕಡೆ ಮುಖ ಮಾಡಿ ಕೂತಿದ್ದರು.

“ಪ್ರಶ್ನೆ ಹಳೆಯದು, ತಮ್ಮಾ,” ಎಂದರು. “ಕೇಳಿದವರಿಗೆ ಕತ್ತಲೆ ಹೊಸದು.”