ಗರಡಿ ಗೋಡೆಯ ಒಂದು ಸಾಲು

“ಗುರುಗಳೇ, ನಿನ್ನೆಯ ಪಂದ್ಯದಲ್ಲಿ ಒಬ್ಬ ಕೊನೆಯ ಓವರಿನಲ್ಲಿ ಕ್ಯಾಚ್ ಕೈಚೆಲ್ಲಿದ. ಆ ಸುದ್ದಿಯ ಕೆಳಗೆ ನಾಲ್ಕು ಸಾವಿರ ಜನ ಕಮೆಂಟ್ ಹಾಕಿದ್ದಾರೆ. ನಾನೂ ಒಂದು ಸಾಲು ಹಾಕಿದೆ. ಅಷ್ಟು ದೊಡ್ಡ ರಾಶಿಯಲ್ಲಿ ನನ್ನದನ್ನು ಅವನು ಓದುವುದೇ ಇಲ್ಲ. ಓದದ ಮಾತಿನಿಂದ ಅವನಿಗೇನು ನೋವು?” ಎಂದು ಶಿಷ್ಯ ಕೇಳಿದ.

“ಏನು ಬರೆದೆ?” ಎಂದರು ಗುರುಗಳು.

“ಸರಿಯಾಗಿ ನೆನಪಿಲ್ಲ. ತಮಾಷೆಗೆ ಬರೆದದ್ದು.”

ಗುರುಗಳು ಅವನ ಕೈಯಲ್ಲಿದ್ದ ಮೊಬೈಲ್ ತೆಗೆದು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಗರಡಿ ಮನೆ ಇತ್ತು. ಕುಸ್ತಿ ಮುಗಿದ ಮೇಲೆ ಅದರ ಹೊರಗೋಡೆಯ ಮೇಲೆ ಯಾರು ಬೇಕಾದರೂ ಇದ್ದಿಲಿನಿಂದ ತಮಗೆ ತೋಚಿದ್ದನ್ನು ಬರೆಯಬಹುದಿತ್ತು. ಮುಂದಿನ ಕುಸ್ತಿಗೆ ಮೊದಲು ಸೋತವನೇ ಬಂದು ಆ ಗೋಡೆಗೆ ಸುಣ್ಣ ಬಳಿಯಬೇಕು. ಇದು ಅಲ್ಲಿಯ ಪದ್ಧತಿ. ತನ್ನನ್ನು ಬೈದದ್ದನ್ನು ತಾನೇ ಅಳಿಸಬೇಕಾದವನ ಪಾಡೇನು ಎಂದು ಆ ಊರಿನಲ್ಲಿ ಯಾರೂ ಯೋಚಿಸಿರಲಿಲ್ಲ.

ಒಂದು ವರ್ಷ ಒಬ್ಬ ಪೈಲ್ವಾನ ಸೋತ. ಕಾಲು ಜಾರಿತು, ಚಿತ್ತಾದ, ಅಷ್ಟೇ. ಸಂಜೆಯೊಳಗೆ ಗೋಡೆ ತುಂಬಿತು. ಕುಸ್ತಿ ನೋಡಿದವರು ಬರೆದರು. ನೋಡದವರು ಇನ್ನೂ ಹೆಚ್ಚು ಬರೆದರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಒಬ್ಬ ವ್ಯಾಪಾರಿ, ಯಾವ ಪಟ್ಟು ಹಾಕಬೇಕಿತ್ತೆಂದು ಬರೆದ. ಅದರ ಕೆಳಗೆ ಇನ್ನೊಬ್ಬನು ಆ ವ್ಯಾಪಾರಿಯ ಜಾತಿ ಎತ್ತಿ ಬೈದ. ಮೂರನೆಯವನು ಇದಕ್ಕೆಲ್ಲ ಪಕ್ಕದ ಊರಿನವರೇ ಕಾರಣ ಎಂದ. ನಡುವೆ ಯಾರೋ ಪುಣ್ಯಾತ್ಮ ತನ್ನಲ್ಲಿ ಶುದ್ಧ ಜೇನುತುಪ್ಪ ಸಿಗುತ್ತದೆ ಎಂದು ಬರೆದು ಹೋಗಿದ್ದ. ಗೋಡೆಯ ಬುಡಕ್ಕೆ ಬರುವಷ್ಟರಲ್ಲಿ ಕುಸ್ತಿ ಯಾರಿಗೂ ನೆನಪಿರಲಿಲ್ಲ.

ಪೈಲ್ವಾನನಿಗೆ ಓದು ಬರುತ್ತಿರಲಿಲ್ಲ. ಅವನ ತಾಯಿ ಒಂದೇ ಎಮ್ಮೆ ಕಟ್ಟಿಕೊಂಡು, ಮಾರಬೇಕಾದ ಹಾಲನ್ನು ಮಗನಿಗೆ ಕುಡಿಸಿ ಅವನನ್ನು ಕಣಕ್ಕಿಳಿಸಿದ್ದಳು. ಅವನು ಸುಣ್ಣದ ಬಕೆಟ್ ಹಿಡಿದು ಗೋಡೆಯ ಮುಂದೆ ನಿಂತಿದ್ದಾಗ ಶಾಲೆಯ ಮಾಸ್ತರನೊಬ್ಬ ಆ ದಾರಿಯಾಗಿ ಬಂದ.

“ಮಾಸ್ತರ್ರೀ, ನನ್ನ ಮ್ಯಾಲ ಇಷ್ಟೆಲ್ಲಾ ಬರ್ದಾರಲ್ಲ, ಏನ್ ಬರ್ದಾರ? ಒಂದೀಟು ಓದಿ ಹೇಳ್ರಿ.”

ಮಾಸ್ತರನಿಗೆ ಕನಿಕರ ಬಂತು. ಗೋಡೆಯ ಕಡೆ ಸರಿಯಾಗಿ ನೋಡದೆಯೇ, “ಮುಂದಿನ ಸಲ ಗೆಲ್ಲಲಿ ಅಂತ ಹರಸ್ಯಾರಪ್ಪ” ಎಂದುಬಿಟ್ಟ.

ಪೈಲ್ವಾನ ಬಕೆಟ್ ಕೆಳಗಿಟ್ಟ. ಇಷ್ಟು ಜನರ ಹರಕೆಗೆ ಸುಣ್ಣ ಬಳಿಯಲು ಅವನಿಗೆ ಮನಸ್ಸಾಗಲಿಲ್ಲ. ಮುಂದಿನ ಕುಸ್ತಿಗೆ ಇನ್ನೂ ನಾಲ್ಕು ತಿಂಗಳಿತ್ತು. ಅಷ್ಟರಲ್ಲಿ ಎಲ್ಲವನ್ನೂ ತಾನೇ ಓದಬೇಕು, ಅಕ್ಷರ ಕಲಿಸಿ ಎಂದು ಮಾಸ್ತರನ ಬೆನ್ನು ಹತ್ತಿದ. ಹೇಳಿದ ಸುಳ್ಳಿಗೆ ಕಟ್ಟುಬಿದ್ದು ಮಾಸ್ತರ ಒಪ್ಪಿದ. ನಾಲ್ಕು ದಿನ ತಿದ್ದಿ ಕೈಬಿಡುತ್ತಾನೆ ಎಂದುಕೊಂಡಿದ್ದ. ಪೈಲ್ವಾನ ಬಿಡಲಿಲ್ಲ. ಮಾಸ್ತರ ಪಾಟಿಯ ಮೇಲೆ ಬರೆದುಕೊಟ್ಟ ಅಕ್ಷರದ ಮೇಲೆಯೇ ತಿದ್ದಿ ತಿದ್ದಿ ಕಲಿತ.

ನಾಲ್ಕನೆಯ ತಿಂಗಳು ಮಾಸ್ತರನನ್ನು ಕರೆದುಕೊಂಡು ಗೋಡೆಯ ಬಳಿ ಹೋದ. ಉಳಿದವರ ಸೊಟ್ಟ ಗೀಚಾಟ ಅವನಿಗೆ ಓದಲಾಗಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ ತನ್ನ ಪಾಟಿಯ ಮೇಲಿದ್ದಂಥವೇ ದುಂಡು ಅಕ್ಷರಗಳು ಕಂಡವು. ಬೆರಳಿಟ್ಟು, ಖುಷಿಯಿಂದ, ಗಟ್ಟಿಯಾಗಿ ಓದಿದ:

“ಇವನಿಗೆ ಕುಡಿಸಿದ ಹಾಲು ದಂಡ.”

ಅದು ಮಾಸ್ತರನ ಕೈಬರಹ. ಕುಸ್ತಿಯ ದಿನ ನಾಲ್ಕು ಜನರ ಜೊತೆ ನಗುತ್ತ ಬರೆದು, ಮನೆ ಸೇರುವ ಮೊದಲೇ ಅದನ್ನು ಮರೆತಿದ್ದ.

ಪೈಲ್ವಾನ ಇನ್ನೊಮ್ಮೆ ಓದಿದ, ಈ ಸಲ ಮನಸ್ಸಿನಲ್ಲೇ. ಆ ಕೈ ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. “ನಮ್ಮವ್ವಗ ಓದಾಕ ಬರಂಗಿಲ್ಲ. ಅಷ್ಟ ಚಲೋ ಆತ್ರಿ” ಎಂದ. ಸುಣ್ಣ ಕಲಸಿ ಇಡೀ ಗೋಡೆಗೆ ಮೂರು ಸಲ ಬಳಿದ. ಮತ್ತೆ ಕಣಕ್ಕೆ ಇಳಿಯಲೇ ಇಲ್ಲ. ಮುಂದಿನ ಕುಸ್ತಿಯ ದಿನ ಅದೇ ಬಿಳಿ ಗೋಡೆಯ ಮೇಲೆ ಜನ ‘ಹೇಡಿ ಓಡಿಹೋದ’ ಎಂದು ಬರೆದರು. ಅದರ ಕೆಳಗೆ, ಯಾವ ದಿಕ್ಕಿಗೆ ಓಡಿದ ಎಂದು ಜಗಳ ಹತ್ತಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಆ ಮಾಸ್ತರರು ಮುಂದೆ ಏನಾದರು?”

“ಅಕ್ಷರ ಕಲಿಸುವುದನ್ನು ಬಿಟ್ಟ, ಈಗ ನಿನ್ನ ಮುಂದೆ ಕುಳಿತು ಕತೆ ಹೇಳುತ್ತಿದ್ದಾನೆ.”