ಕಾಲಿಗೆ ಮುಟ್ಟದ ಕ್ಷಮೆ

"ಗುರುಗಳೇ, ಪ್ರಾರ್ಥನೆ ಸಾಲದೇ?" ಎಂದು ಚೌರಪ್ಪ ಕೇಳಿದ.

ಅವನು ಪಾದ್ರಿಯಾಗಲು ಓದುತ್ತಿದ್ದ ಗುರುಮಠದಲ್ಲಿ ಆ ವಾರ ಹೊಸ ಪಾಠವೊಂದು ಶುರುವಾಗಿತ್ತು. ಭಾರೀ ಪೆಟ್ಟು ತಿಂದ ಮನಸ್ಸನ್ನು ಮೈಯ ಮೂಲಕ ಗುಣಪಡಿಸುವ ಚಿಕಿತ್ಸೆಯ ಪಾಠ. ಅಂಗಾಲು ನೆಲಕ್ಕೆ ಊರಿ, ಉಸಿರು ನಿಧಾನಕ್ಕೆ ಬಿಡಿ, ಭುಜ ಏನು ಹೇಳುತ್ತದೆ ಕೇಳಿಸಿಕೊಳ್ಳಿ ಎಂದು ಹೇಳಿಕೊಟ್ಟಿದ್ದರು. ಚೌರಪ್ಪನ ಭುಜ ಏನೂ ಹೇಳಿರಲಿಲ್ಲ. ಹೊಟ್ಟೆ ಮಾತ್ರ ಊಟದ ಗಂಟೆ ಯಾವಾಗ ಎಂದು ವಿಚಾರಿಸಿತ್ತು.

"ದೇವರು ಗುಣಪಡಿಸುತ್ತಾರೆ ಎಂದು ನಂಬಿದ ಮೇಲೆ ಈ ಕಾಲು, ಭುಜ, ಉಸಿರಿನ ಲೆಕ್ಕವೆಲ್ಲ ಯಾಕೆ? ನಂಬಿಕೆ ಸಾಲದವರು ಹಿಡಿಯುವ ದಾರಿಯಲ್ಲವೇ ಇದು?"

ಗುರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಾವಿ ತೋಡುವವನಿದ್ದ. ಅವನೂ ಅವನ ಅಣ್ಣನೂ ಜೋಡಿ. ಅಣ್ಣ ಕೆಳಗೆ ಅಗೆದರೆ ತಮ್ಮ ಮೇಲಿನ ಮೆಟ್ಟಿಲಲ್ಲಿ ನಿಂತು ಮಣ್ಣಿನ ಬುಟ್ಟಿ ದಾಟಿಸುತ್ತಿದ್ದ. ಒಂದು ದಿನ ಪಕ್ಕದ ಮಣ್ಣು ಕುಸಿಯಿತು. ಅಣ್ಣ ಪೂರಾ ಹೂತುಹೋದ. ತಮ್ಮನೂ ಸೊಂಟದವರೆಗೆ ಹೂತುಹೋದ. ಮಣ್ಣಿನೊಳಗಿನಿಂದ ಎರಡು ಕೈ ಬಂದು ಅವನ ಕಾಲಿನ ಗಿಣ್ಣುಗಳನ್ನು ಹಿಡಿದುಕೊಂಡವು. ಅವನು ಕಾಲು ಅಲ್ಲಾಡಿಸದೆ ನಿಂತ. ಮೇಲಿದ್ದವರು ಹಗ್ಗ ಬಿಟ್ಟರು, ಕೂಗಿದರು, ಅಗೆದರು. ಅವರು ಅಗೆಯುತ್ತಿದ್ದ ಹಾಗೆಯೇ ಆ ಕೈಗಳ ಹಿಡಿತ ಸಡಿಲವಾಯಿತು.

ತಮ್ಮನ ಮೈಮೇಲೆ ಒಂದು ಗೀರೂ ಇರಲಿಲ್ಲ. ಪುಣ್ಯವಂತ ಎಂದರು ಜನ. ಅವನೂ ಹಾಗೇ ಅಂದುಕೊಂಡ. ಅಣ್ಣನ ಆತ್ಮಕ್ಕೆ ಪೂಜೆ ಕೊಡಿಸಿದ. ಮಾತೆ ಮರಿಯಮ್ಮನ ಮುಂದೆ ತನ್ನಷ್ಟೇ ಎತ್ತರದ ಮೇಣದಬತ್ತಿ ಹಚ್ಚಿದ. ಆಮೇಲೆ ಯಾರನ್ನೂ ಕಾಲು ಮುಟ್ಟಲು ಬಿಡಲಿಲ್ಲ. ಚಳಿಯಲ್ಲೂ ಕಾಲಿನ ಮೇಲೆ ಕಂಬಳಿ ಹೊದೆಯಲಿಲ್ಲ. ಯಾಕೆಂದು ಕೇಳಿದರೆ ಸೆಕೆ ಅನ್ನುತ್ತಿದ್ದ.

ಆ ಊರಿನ ಚರ್ಚಿನಲ್ಲಿ ಪವಿತ್ರ ಗುರುವಾರದ ದಿನ ಪಾದ್ರಿ ಸ್ವಾಮಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಯೇಸುಸ್ವಾಮಿ ತಮ್ಮ ಶಿಷ್ಯರ ಕಾಲು ತೊಳೆದ ನೆನಪಿಗೆ. ಆಯ್ಕೆಯಾದವರು ಬೆಳಗ್ಗೆಯೇ ಹಿತ್ತಿಲ ಕಲ್ಲಿಗೆ ಕಾಲು ಉಜ್ಜಿ ಉಜ್ಜಿ, ಕೊಬ್ಬರಿ ಎಣ್ಣೆ ಸವರಿ, ಮದುಮಗನ ಕಾಲಿನ ಹಾಗೆ ಮಾಡಿಕೊಂಡು ಬರುತ್ತಾರೆ. ಸ್ವಾಮಿಗಳಿಗೆ ತೊಳೆಯಲು ಏನೂ ಉಳಿದಿರುವುದಿಲ್ಲ.

ಇನ್ನೊಂದು ತಕರಾರು ಪ್ರತಿ ವರ್ಷದ್ದು. ಕೊನೆಯ ಕುರ್ಚಿ ಯೂದನದು ಎಂದು ಯಾರೋ ಹಿಂದೆ ಹೇಳಿಬಿಟ್ಟಿದ್ದರು. ಯೇಸುವನ್ನು ಹಿಡಿದುಕೊಟ್ಟವನ ಕುರ್ಚಿ. ಮೊದಲ ಕುರ್ಚಿಗೆ ನೂಕುನುಗ್ಗಲು, ಕೊನೆಯದಕ್ಕೆ ಯಾರೂ ಇಲ್ಲ. ಒಬ್ಬನಿಗೆ ಆ ಹೊತ್ತಿಗೇ ಕೆಮ್ಮು ಬರುತ್ತದೆ. ಇನ್ನೊಬ್ಬನಿಗೆ ದನ ಕಟ್ಟಿದೆನೋ ಇಲ್ಲವೋ ಎಂಬ ಅನುಮಾನ. ಆ ವರ್ಷ ಬಾವಿ ತೋಡುವವನು, "ಎಲ್ಲಾ ಒಂದೇ ಪ್ಲಾಸ್ಟಿಕ್ ಕುರ್ಚಿ ತಾನೇ" ಎಂದು ಹೋಗಿ ಕೂತ. ಅವನಿಗೂ ಒಳಗೊಳಗೆ ಆಸೆಯಿತ್ತು. ಯೇಸುಸ್ವಾಮಿ ತೊಳೆದರೆ ಈ ಕಾಲು ಸರಿಹೋದೀತು.

ಸ್ವಾಮಿಗಳು ಬಗ್ಗಿ ಅವನ ಕಾಲಿನ ಗಿಣ್ಣನ್ನು ಎರಡೂ ಕೈಯಲ್ಲಿ ಹಿಡಿದರು.

ಕಾಲು ಒದ್ದಿತು. ಅವನು ಒದೆಯಲಿಲ್ಲ, ಕಾಲು ಒದ್ದಿತು. ಸ್ವಾಮಿಗಳ ತುಟಿ ಒಡೆಯಿತು. ಹಿತ್ತಾಳೆಯ ಬೋಗುಣಿ ಹಾರಿ, ಅಷ್ಟೂ ಜನರ ಕಾಲು ತೊಳೆದ ನೀರು ಸ್ವಾಮಿಗಳ ಸಹಾಯಕ್ಕೆ ನಿಂತಿದ್ದ ಉಪದೇಶಿಯ ಹೊಸ ಪಂಚೆಯ ಮೇಲೆ ಬಿತ್ತು. ಹಾಡುವವರಿಗೆ ಹಾಡು ಮರೆತುಹೋಯಿತು. ಒದ್ದೆ ಪಂಚೆ ಹಿಂಡಿಕೊಳ್ಳುತ್ತಲೇ ಉಪದೇಶಿ ಕಾರಣ ಕಂಡುಹಿಡಿದ.

"ನಾನು ಹೇಳಿರಲಿಲ್ವಾ? ಆ ಕುರ್ಚೀದೇ ಕೆಲಸ."

ಊರು ಒಪ್ಪಿತು. ಮರುವರ್ಷಕ್ಕೆ ಕುರ್ಚಿಯನ್ನೇ ಬದಲಿಸಬೇಕೆಂದು ಕೆಲವರು, ಒದ್ದವನಿಗೆ ದೆವ್ವ ಬಿಡಿಸಬೇಕೆಂದು ಕೆಲವರು. ಬಾವಿ ತೋಡುವವನು ಪಾಪನಿವೇದನೆಗೆ ಓಡಿದ. ಸ್ವಾಮಿಗಳು ಊದಿದ ತುಟಿಯಲ್ಲೇ ಅವನನ್ನು ಕ್ಷಮಿಸಿದರು.

"ಹಲ್ಲು ಉಳಿಸಿದೆಯಲ್ಲಪ್ಪ, ನಾನೇ ನಿನಗೆ ವಂದನೆ ಹೇಳಬೇಕು" ಎಂದರು.

ಕ್ಷಮೆ ಸಿಕ್ಕಿತು. ಕಾಲಿಗೆ ಸುದ್ದಿ ಮುಟ್ಟಲಿಲ್ಲ.

ಅವನು ಇನ್ನೂ ಹೆಚ್ಚು ಪ್ರಾರ್ಥನೆ ಮಾಡಿದ. ಉಪವಾಸ ಹಿಡಿದ. ಧ್ಯಾನಕೂಟಕ್ಕೆ ಹೋದ, ಅಲ್ಲಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ತಲೆ ಸುಮ್ಮನಿತ್ತು, ಕಾಲು ಹಾಗೇ ಇತ್ತು. ಕೊನೆಗೆ ಅವನೇ ತೀರ್ಮಾನಿಸಿಕೊಂಡ. ದೇವರ ಕೈ ಬಂದಾಗ ಒದ್ದ ಕಾಲಿದು, ದೇವರಿಗೆ ನಾನು ಬೇಡ. ಸತ್ಪ್ರಸಾದ ತೆಗೆದುಕೊಳ್ಳುವುದನ್ನು ಬಿಟ್ಟ. ಪೂಜೆಯ ಹೊತ್ತಿಗೆ ಚರ್ಚಿನ ಬಾಗಿಲ ಹೊರಗೆ, ಬಿಟ್ಟ ಚಪ್ಪಲಿಗಳ ನಡುವೆ ನಿಲ್ಲುತ್ತಿದ್ದ. ಚಪ್ಪಲಿ ಕಾಯಲು ಊರಿಗೆ ಆಳು ಸಿಕ್ಕಿದ್ದಾನೆ ಎಂದು ಹುಡುಗರು ನಗುತ್ತಿದ್ದರು. ಅವನು ನಗಲಿಲ್ಲ. ಒಳಗೆ ಎಲ್ಲರೂ ಸಾಲಾಗಿ ಪ್ರಸಾದಕ್ಕೆ ಹೋಗುವಾಗ ಅವನು ರಸ್ತೆಯ ಕಡೆ ತಿರುಗಿಕೊಳ್ಳುತ್ತಿದ್ದ.

ಅವನ ಹೆಂಡತಿಗೆ ಇದು ಸಾಕಾಯಿತು.

"ನಿದ್ದೇಲಿ ನನಗೂ ಒದೀತೀರಿ. ನಾನೇನು ನಿಮ್ಮನ್ನ ಬಿಟ್ಟುಹೋದೆನಾ? ನನಗಿಂತ ತಾಳ್ಮೆ ಕಡಿಮೆಯಾ ದೇವರಿಗೆ?" ಎಂದಳು. ಅವನ ಕೈ ಹಿಡಿದು ಕಾನ್ವೆಂಟಿಗೆ ಎಳೆದುಕೊಂಡು ಹೋದಳು.

ಅಲ್ಲಿ ಒಬ್ಬ ಸಿಸ್ಟರ್ ಇದ್ದರು. ಮೈಯ ಮೂಲಕ ಮನಸ್ಸಿಗೆ ಮದ್ದು ಮಾಡುವುದನ್ನು ದೂರದ ಊರಿನಲ್ಲಿ ಓದಿ ಬಂದವರು. ಬೆಳಗ್ಗೆ ಪೂಜೆಯಲ್ಲಿ ಮೊಣಕಾಲೂರುತ್ತಿದ್ದರು, ಆಮೇಲೆ ಪೆಟ್ಟು ತಿಂದವರ ಎದುರು ಕೂರುತ್ತಿದ್ದರು. ಇವೆರಡೂ ಬೇರೆ ಕೆಲಸ ಎಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ.

"ಸಿಸ್ಟರ್, ಇದು ದೇವರ ವಿಷಯ. ಇದರಲ್ಲಿ ನಿಮ್ಮ ವಿದ್ಯೆ ಯಾಕೆ?" ಎಂದ ಬಾವಿ ತೋಡುವವನು.

"ದೇವರ ವಿಷಯ ದೇವರು ನೋಡ್ಕೋತಾರೆ. ಈಗ ನಿಮ್ಮ ಹಿಮ್ಮಡಿ ಎಲ್ಲಿದೆ ನೋಡಿ."

ಅವನು ಬಗ್ಗಿ ನೋಡಿದ. ಅವನು ಕೂತಿದ್ದರೂ ಹಿಮ್ಮಡಿಗಳು ನೆಲ ಮುಟ್ಟಿರಲಿಲ್ಲ. ಈಗಲೇ ಎದ್ದು ಓಡುವವನ ಹಾಗೆ ಮೇಲೆದ್ದು ನಿಂತಿದ್ದವು. ಎಷ್ಟು ಕಾಲದಿಂದ ಹೀಗೆ ಕೂರುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ.

"ಜಪಸರ ಹಿಡಿಯೋದು ಬೇಡ ಅಂತೀರಾ?"

"ಬೇಡ ಅಂದೋರ್ಯಾರು? ತೆಗೀರಿ. ಆದರೆ ರೈಲು ಓಡಿಸಿದ ಹಾಗೆ ಹೇಳಬೇಡಿ. ಒಂದು ಮಣಿಗೆ ಒಂದು ಉಸಿರು. ಹಿಮ್ಮಡಿ ನೆಲದ ಮೇಲಿರಲಿ. ಮರಿಯಮ್ಮನಿಗೆ ಬಸ್ಸು ತಪ್ಪೋದಿಲ್ಲ."

ಹೆಂಡತಿ ನಕ್ಕಳು. ಅವನು ಮಣಿ ಎಣಿಸಿದ. ಹಾಗೆ ವಾರವಾರವೂ ಬಂದ. ಸಿಸ್ಟರ್ ಒಂದು ಸಲವೂ ಅವನ ಕಾಲು ಮುಟ್ಟಲಿಲ್ಲ. ಬಾವಿಯ ಮಾತು ಎತ್ತಲಿಲ್ಲ. ಒಂದು ದಿನ ಅವನೇ ಎತ್ತಿದ. ಹೇಳುತ್ತಾ ಹೇಳುತ್ತಾ ಅವನ ಕಾಲುಗಳು ನಡುಗತೊಡಗಿದವು. ಅವನು ಎರಡೂ ಕೈಯಿಂದ ಮೊಣಕಾಲು ಅದುಮಿ ಹಿಡಿದ.

"ನಡುಗಲಿ ಬಿಡಿ. ತಡೀಬೇಡಿ" ಎಂದರು ಸಿಸ್ಟರ್. "ಆವತ್ತು ನಿಮ್ಮ ಕಾಲಿಗೆ ಏನು ಮಾಡಬೇಕು ಅನ್ನಿಸಿತ್ತು?"

ಇದನ್ನು ಅವನು ಸ್ವಾಮಿಗಳಿಗೂ ಹೇಳಿರಲಿಲ್ಲ.

"ಒದ್ದು ಮೇಲೆ ಬರಬೇಕು ಅನ್ನಿಸಿತ್ತು. ಹಿಡಿದಿದ್ದೋನು ನಮ್ಮಣ್ಣ."

"ಒದ್ದಿರಾ?"

"ಇಲ್ಲ. ಬಿಗಿ ಹಿಡಿದೆ. ಒಂಚೂರೂ ಅಲ್ಲಾಡಿಸಲಿಲ್ಲ."

"ಇವತ್ತಿನವರೆಗೂ ಬಿಗಿ ಹಿಡಿದೇ ಇದ್ದೀರಿ. ಎಂಥಾ ಕಾಲು ನಿಮ್ಮದು" ಎಂದರು ಸಿಸ್ಟರ್. ಅವರ ದನಿಯಲ್ಲಿ ಬೈಗುಳ ಇರಲಿಲ್ಲ, ಮರುಕವೂ ಇರಲಿಲ್ಲ, ಬರೀ ಮೆಚ್ಚುಗೆ ಇತ್ತು. "ನಿಮ್ಮಣ್ಣನ್ನ ಅದು ಚೆನ್ನಾಗಿ ಕಾಯ್ತು. ಸಾಕು ಅಂತ ಅದಕ್ಕೆ ಹೇಳಿ."

ಗೋಡೆಯ ಪಕ್ಕ ಚಾಪೆ ಹಾಸಿದರು. ಅವನು ಮಲಗಿ ಅಂಗಾಲುಗಳನ್ನು ಗೋಡೆಗೆ ಇಟ್ಟ. ಹೆಂಡತಿ ತಲೆಯ ಹತ್ತಿರ ಕೂತಳು.

"ಈಗ ಒತ್ತಿ. ಇದು ಕಾನ್ವೆಂಟಿನ ಗೋಡೆ, ನಮ್ಮ ಹಿರಿಯ ಮದರ್ ಬೈಗುಳಕ್ಕೇ ಬಿದ್ದಿಲ್ಲ."

ಅವನು ಒತ್ತಿದ. ಮೊದಲು ಮೆತ್ತಗೆ, ಆಮೇಲೆ ಇದ್ದ ಬಲವನ್ನೆಲ್ಲ ಹಾಕಿ. ಬೆವರು ಇಳಿಯಿತು. ನಡುಕ ತೊಡೆಗೆ ಏರಿ, ಬೆನ್ನಿಗೆ ಏರಿ, ಗಂಟಲಿಗೆ ಬಂದು "ಅಣ್ಣಾ" ಎಂದಿತು. ಅವನು ಬಹಳ ಹೊತ್ತು ಅತ್ತ. ಆಮೇಲೆ ಕಾಲುಗಳು ತಾವಾಗಿಯೇ ಸುಮ್ಮನಾದವು. ಸಿಸ್ಟರ್ ಅಲ್ಲಿಯೇ ಅಣ್ಣನಿಗಾಗಿ ಒಂದು ಪರಲೋಕ ಜಪ ಹೇಳಿದರು. ಅವನೂ ಜೊತೆಗೆ ಹೇಳಿದ. ಗೋಡೆಯ ಮೇಲೆ ಉಳಿದ ಎರಡು ಹೆಜ್ಜೆಯ ಗುರುತಿಗೆ ಸಿಸ್ಟರ್ ಸುಣ್ಣ ಹೊಡೆಸಲಿಲ್ಲ.

ಪವಿತ್ರ ಗುರುವಾರಕ್ಕೆ ಮುಂಚಿನ ತಪಸ್ಸುಕಾಲ ಮತ್ತೆ ಬಂತು. ಸ್ವಾಮಿಗಳು ಕಾನ್ವೆಂಟಿಗೆ ಬಂದು, "ಈ ಸಲ ನಾನು ಹೇಗೆ ತೊಳೆಯಲಿ?" ಎಂದು ಕೇಳಿದರು. ಊರಿಗೆಲ್ಲ ಪಾಠ ಹೇಳುವವರು ಕಾಲು ತೊಳೆಯುವುದು ಹೇಗೆಂದು ಕೇಳಿಕೊಂಡು ಬಂದರು ನೋಡು, ಅದೇ ದೊಡ್ಡತನ. "ಹಿಡಿಯಬೇಡಿ. ಕೇಳಿ. ಕಾಯಿರಿ" ಎಂದರು ಸಿಸ್ಟರ್.

ಪವಿತ್ರ ಗುರುವಾರ ಬಾವಿ ತೋಡುವವನು ಚಪ್ಪಲಿ ಬಿಟ್ಟು ಒಳಗೆ ಬಂದ. ಸಾಲಿನ ಮಧ್ಯದಲ್ಲಿ ಒಂದು ಕುರ್ಚಿ ಖಾಲಿಯಿತ್ತು, ಕೂತ. ಸ್ವಾಮಿಗಳು ಅವನ ಮುಂದೆ ಮೊಣಕಾಲೂರಿ, "ಅಪ್ಪಾ, ತೊಳೆಯಲಾ?" ಎಂದು ಕೇಳಿದರು. ಪೂಜೆಯ ಪುಸ್ತಕದಲ್ಲಿ ಇಲ್ಲದ ಮಾತು ಅದು.

ಅವನು ಬಗ್ಗಿ ತನ್ನ ಕಾಲು ನೋಡಿದ. ಕಾಲು ನಡುಗುತ್ತಿತ್ತು. ಸ್ವಾಮಿಗಳು ಹಿಡಿಯಲಿಲ್ಲ, ಅಂಗೈ ತೆರೆದು ಕೆಳಗಿಟ್ಟುಕೊಂಡರು. ಹಾಡು ಮುಗಿಯಿತು. ಹಾಡುವವರು ಮತ್ತೆ ಮೊದಲಿನಿಂದ ಹಾಡಿದರು. ಮಕ್ಕಳು ಆಕಳಿಸಿದವು. ಉಪದೇಶಿ ಪಂಚೆ ಎತ್ತಿಕೊಂಡು ದೂರ ನಿಂತಿದ್ದ. ಇಡೀ ಊರು ಒಂದು ಕಾಲಿಗಾಗಿ ಕಾದು ನಿಂತಿತು.

ಬಾವಿ ತೋಡುವವನು ಹಿಮ್ಮಡಿ ನೆಲಕ್ಕೊತ್ತಿದ. ಒಂದು ಉಸಿರು ಬಿಟ್ಟ. ತಾನಾಗಿ ಬಲಗಾಲು ಎತ್ತಿ ಆ ಅಂಗೈಯ ಮೇಲಿಟ್ಟ. ನೀರು ತಣ್ಣಗಿತ್ತು. ಕಾಲು ನಡುಗಿತು, ಒದೆಯಲಿಲ್ಲ. ಸ್ವಾಮಿಗಳು ಒರೆಸಿ ಮುತ್ತಿಟ್ಟರು. ಆಮೇಲೆ ಎಡಗಾಲಿಗೆಂದು ಅಂಗೈ ಸರಿಸಿದರು. ಅವನು ತಲೆಯಾಡಿಸಿ ಬೇಡವೆಂದ. ಸ್ವಾಮಿಗಳು ತಲೆಬಾಗಿಸಿ ಮುಂದಿನವನ ಬಳಿಗೆ ಹೋದರು.

ಆ ದಿನ ಅವನು ಎಲ್ಲರ ಜೊತೆ ಸಾಲಿನಲ್ಲಿ ನಿಂತು ಪ್ರಸಾದ ತೆಗೆದುಕೊಂಡ.

ಗುರು ಕತೆ ನಿಲ್ಲಿಸಿದರು.

"ಹಾಗಾದರೆ ಎಡಗಾಲು, ಗುರುಗಳೇ?" ಎಂದ ಚೌರಪ್ಪ. ಅವನ ಮುಖದಲ್ಲಿ ಗೆದ್ದವನ ಕಳೆ ಬಂದಿತ್ತು. "ಅಷ್ಟು ಪ್ರಾರ್ಥನೆ, ಅಷ್ಟು ಚಿಕಿತ್ಸೆ, ಎರಡೂ ಸೇರಿ ಗುಣವಾದದ್ದು ಅರ್ಧವೇ. ದೇವರು ಮಾಡಿದ್ದರೆ ಪೂರ್ತಿ ಮಾಡುತ್ತಿರಲಿಲ್ಲವೇ? ಗುರುತೇ ಉಳಿಯದ ಹಾಗೆ?"

ಗುರು ಹೇಳಿದರು: "ಸಾವನ್ನೇ ಗೆದ್ದು ಎದ್ದು ಬಂದವನು ಶಿಷ್ಯ ತೋಮನ ಮುಂದೆ ಚಾಚಿದ ಕೈಯಲ್ಲಿ ಶಿಲುಬೆಯ ಮೊಳೆಯ ಗಾಯ ಹಾಗೇ ಇತ್ತಲ್ಲ, ಚೌರಪ್ಪ."

ಚೌರಪ್ಪ ಬಗ್ಗಿ ತನ್ನ ಹಿಮ್ಮಡಿ ಎಲ್ಲಿದೆ ಎಂದು ನೋಡಿದ.